ಹಲಗಿಯ ಜಾಗ

ಸಂಗೀತವನ್ನು ಹಾಡಲಿಕ್ಕಲ್ಲ, ಬಾರಿಸಲಿಕ್ಕೂ ಅಲ್ಲ, ಬರೆಯಲಿಕ್ಕೆ ಕಲಿಸುವ ಶಾಲೆಗಳು ಈ ಭೂಮಿಯ ಮೇಲೆ ಇವೆ ಎಂದು ಮನೆಯವರಿಗೆ ತಿಳಿಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಸಮುದ್ರದಾಚೆಯ ಅಂಥದೊಂದು ಶಾಲೆಯಲ್ಲಿ ಸಂಗೀತ ರಚನೆಯ ಸ್ನಾತಕೋತ್ತರ ಪದವಿಗೆ ನಾನು ಅರ್ಜಿ ಹಾಕುತ್ತಿದ್ದೆ. ಅದನ್ನು ಕನ್ಸರ್ವೇಟರಿ ಎನ್ನುತ್ತಾರೆ. ಅವ್ವ ಆ ಹೆಸರನ್ನು ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಕೈಬಿಟ್ಟು, 'ಆ ಸಾಲಿ' ಎಂದು ಕರೆಯತೊಡಗಿದಳು. ಭಾಲ್ಕಿಯ ನಮ್ಮ ಓಣಿಯಲ್ಲಿ ಟ್ಯಾಂಕರಿಗಾಗಿ ಕೊಡ ಇಟ್ಟುಕೊಂಡು ನಿಂತಾಗ ನೆರೆಯವರು ಕೇಳುತ್ತಿದ್ದರು, ನಿನ್ನ ಆ ಸಾಲಿ ಎಲ್ಲಿಗೆ ಬಂತು ಎಂದು. ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಅವರ ಬಾಯಿಂದ ಹೊರಬೀಳದಿದ್ದರೂ ನನ್ನ ಕಿವಿಗೆ ಬೀಳುತ್ತಿತ್ತು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಕೊಡ ತುಂಬಿಸಿಕೊಂಡು ಬಿರಬಿರನೆ ಬರುತ್ತಿದ್ದೆ.

ಅವರದೂ ತಪ್ಪಲ್ಲ. ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಕಾರಂಜಾ ಜಲಾಶಯದ ತಳದಲ್ಲಿ ದನ ಮೇಯುತ್ತಿದ್ದವು. ತೊಗರಿ ಹೂವಿಗೆ ಬರುವ ಮೊದಲೇ ಒಣಗಿ ನಿಂತಿತ್ತು. ಔರಾದ ಕಡೆಯಿಂದ ಹೈದರಾಬಾದಿಗೆ ಹೋಗುವ ಬಸ್ಸುಗಳ ಟಾಪಿನ ಮೇಲೆ ಹಾಸಿಗೆಯ ಸುರುಳಿಗಳು, ಹಿಟ್ಟಿನ ಡಬ್ಬಿಗಳು. ಬೀದರಿನ ಖಾಸಗಿ ಶಾಲೆಯೊಂದರಲ್ಲಿ ನಾನು ಸಂಗೀತ ಕಲಿಸುತ್ತಿದ್ದೆ. ದೀಪಾವಳಿ ರಜೆ ಮುಗಿದ ಮೇಲೆ ಅಲ್ಲೂ ತರಗತಿಗೆ ಎರಡೆರಡು ಬೆಂಚು ಖಾಲಿ. ಹಾಜರಿ ಕರೆಯುವಾಗ ಉಳಿದ ಮಕ್ಕಳೇ ಹೋದವರ ಪರವಾಗಿ ಊರಿನ ಹೆಸರು ಹೇಳುತ್ತಿದ್ದರು: ಪುಣೆ, ಮುಂಬೈ, ಹೈದರಾಬಾದ್. ಜನ ಹೀಗೆ ಕೂಲಿಗಾಗಿ ಊರು ಬಿಡುತ್ತಿರುವಾಗ ಒಬ್ಬಳು ಐದು ಗೆರೆಗಳ ಹಾಳೆಯ ಮೇಲೆ ಚುಕ್ಕಿ ಇಡುತ್ತ ಕೂತಿದ್ದಾಳೆಂದರೆ ಯಾರಿಗಾದರೂ ನಗು ಬರುವುದೇ.

ನಗದವನೆಂದರೆ ಮುತ್ಯಾ ಒಬ್ಬನೇ, ನಮ್ಮಪ್ಪನ ಅಪ್ಪ. ಮೆಹಕರದವನು. ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾಗಿದ್ದ. ಅಲ್ಲಿಯ ಬಾವಿ ಬತ್ತಿದ ಮೇಲೆ ಭಾಲ್ಕಿಗೆ ನಮ್ಮ ಮನೆಗೆ ಬಂದಿದ್ದ. ನಮ್ಮದು ಬೌದ್ಧ ಮನೆತನ. ಮೆಹಕರದ ವಿಹಾರದಲ್ಲಿ ಹಳೆಯ ಹಾರ್ಮೋನಿಯಂ ಒಂದಿತ್ತು. ರಜೆಗೆ ಹೋದಾಗ ವಂದನೆಯ ಹೊತ್ತಿನಲ್ಲಿ ಮುತ್ಯಾನ ಪಕ್ಕ ಕೂತು ಅದರ ತಿದಿ ಒತ್ತಿದ್ದೇ ನನ್ನ ಮೊದಲ ಸಂಗೀತ ಪಾಠ. ಮುಂದೆ ಬೀದರಿನಲ್ಲಿ ಕಾಲೇಜು ಓದುವಾಗ ಚರ್ಚಿನಲ್ಲಿ ಆರ್ಗನ್ ನುಡಿಸುವ ನಿವೃತ್ತ ನರ್ಸಮ್ಮ ಒಬ್ಬರ ಗಂಟುಬಿದ್ದೆ. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಪಾಶ್ಚಾತ್ಯ ಸ್ವರಲಿಪಿ ಓದುವುದು, ನಾಲ್ಕು ದನಿಗಳಿಗೆ ಒಟ್ಟಿಗೆ ಬರೆಯುವುದು ಎಲ್ಲ ಅವರು ಕಲಿಸಿದ್ದು. ತಪ್ಪು ಸ್ವರ ಬಂದರೆ ಇಂಜೆಕ್ಷನ್ ಕೊಡುವವರ ಹಾಗೆ ನನ್ನ ಕೈ ಹಿಡಿದು ಸರಿಯಾದ ಕೀಲಿಯ ಮೇಲೆ ಇಡುತ್ತಿದ್ದರು. ಅರ್ಜಿ ಹಾಕಬೇಕೆಂದು ಹಟ ಹಿಡಿದವರೂ ಅವರೇ.

ಅರ್ಜಿಗೆ ಮೂರು ರಚನೆಗಳು ಬೇಕಾಗಿದ್ದವು. ಅವುಗಳಲ್ಲಿ ಒಂದಾದರೂ ಗುಂಪಿಗೆ ಬರೆದದ್ದಾಗಿರಬೇಕು, ಮತ್ತು ಅದನ್ನು ಮನುಷ್ಯರೇ ನುಡಿಸಿದ ಧ್ವನಿಮುದ್ರಣ ಇದ್ದರೆ ಒಳ್ಳೆಯದು ಎಂದು ಬರೆದಿದ್ದರು. ಮೊದಲ ಎರಡು ರಚನೆಗಳು ಸಾಧಾರಣ ಎಂದು ನನಗೇ ಗೊತ್ತಿತ್ತು. ನನ್ನ ಆಸೆಯೆಲ್ಲ ಮೂರನೆಯದರ ಮೇಲೆ. ವಯೊಲಿನ್, ಕ್ಲಾರಿನೆಟ್, ಆರ್ಗನ್, ಜೊತೆಗೆ ಎರಡು ಹಲಗಿ. ಎದೆಗೆ ಆನಿಸಿಕೊಂಡು ಕಡ್ಡಿಯಿಂದ ಬಡಿಯುವ ಆ ಅಗಲ ಚರ್ಮದ ವಾದ್ಯವನ್ನು ನಮ್ಮ ಕಡೆ ಕೇಳದವರಿಲ್ಲ. ಆದರೆ ನಾನು ಅದನ್ನು ಕೇಳಿದ್ದೆಲ್ಲ ದೂರದಿಂದಲೇ. ನಮ್ಮ ಮನೆಯಲ್ಲಿ ಹಲಗಿ ಇರಲಿಲ್ಲ. ಮುತ್ಯಾನಿಗೆ ಹದಿನಾರು ತುಂಬಿದ ವರ್ಷ ಅವರ ಓಣಿಗೆ ಓಣಿಯೇ ಧಮ್ಮದೀಕ್ಷೆ ತೆಗೆದುಕೊಂಡಿತು. ಆವತ್ತು ಅವನ ಅಪ್ಪ ತನ್ನ ಹಲಗಿಯನ್ನು ಒಲೆಗೆ ಹಾಕಿದ. ಅದರ ಕಟ್ಟಿಗೆಯಲ್ಲಿ ಆ ದಿನದ ರೊಟ್ಟಿ ಬೆಂದವಂತೆ. ಮನೆಯಲ್ಲಿ ಹಲಗಿಯ ಬಗ್ಗೆ ಆಡುತ್ತಿದ್ದ ಮಾತು ಇಷ್ಟೇ, ಅದನ್ನೂ ಆಡುತ್ತಿದ್ದವಳು ಅವ್ವ.

ದೂರದಿಂದ ಕೇಳಿದ್ದನ್ನು ದೂರದಿಂದಲೇ ಕೇಳಿಸಬೇಕು ಎಂದು ನಾನು ಯೋಚಿಸಿದೆ. ವಯೊಲಿನ್, ಕ್ಲಾರಿನೆಟ್, ಆರ್ಗನ್ ಸಭಾಂಗಣದ ಒಳಗೆ. ಹಲಗಿ ಮಾತ್ರ ಬಾಗಿಲಿನ ಹೊರಗೆ. ಒಳಗಿನವರು ಮೆತ್ತಗೆ ನುಡಿಸುತ್ತಿರುವಾಗ ಹೊರಗಿನಿಂದ ಆ ಬಡಿತ ತೇಲಿ ಬರಬೇಕು. ಇಂಥ ಉಪಾಯ ನನ್ನದೇ ಶೋಧವೇನಲ್ಲ, ದೊಡ್ಡ ದೊಡ್ಡವರು ಕಹಳೆಯನ್ನು ವೇದಿಕೆಯ ಆಚೆ ನಿಲ್ಲಿಸಿ ಬರೆದದ್ದನ್ನು ಸಿಸ್ಟರ್ ತೋರಿಸಿದ್ದರು. ಆದರೂ ಹಲಗಿಗೆ ಅದನ್ನು ಮಾಡಿದವಳು ನಾನೇ ಎಂಬ ಜಂಬ ನನಗಿತ್ತು.

ಹಲಗಿಯವರು ಸಿಕ್ಕಿದ್ದು ಠಾಣಾ ಕುಶನೂರಿನಲ್ಲಿ, ನಡುವಯಸ್ಸಿನ ಇಬ್ಬರು ಅಣ್ಣತಮ್ಮಂದಿರು. ಮೊದಲ ಬಸ್ಸಿಗೆ ಬೀದರಿಗೆ ಬಂದು, ಚರ್ಚಿನ ಕಾಂಪೌಂಡಿನಲ್ಲಿ ಹಳೆಯ ಪೇಪರು ಸುಟ್ಟು, ಅದರ ಕಾವಿಗೆ ಹಲಗಿಯ ಚರ್ಮ ಬಿಗಿಮಾಡಿಕೊಂಡರು. ಕ್ಲಾರಿನೆಟ್ಟಿಗೆ ಮದುವೆ ಬ್ಯಾಂಡಿನ ಮಾಸ್ತರರು, ವಯೊಲಿನ್ನಿಗೆ ಚರ್ಚಿನ ಗಾಯನ ತಂಡದ ಒಬ್ಬಾಕೆ, ಆರ್ಗನ್ನಿಗೆ ಸಿಸ್ಟರ್. ಚರ್ಚಿನ ಪಕ್ಕದ ಹಾಲಿನಲ್ಲಿ ನಾಲ್ಕು ಸಲ ನುಡಿಸಿ ಧ್ವನಿಮುದ್ರಿಸಿಕೊಂಡೆವು. ನಾಲ್ಕನೆಯ ಸಲ ಎಂಥದೋ ಆಯಿತು. ಒಳಗೆ ವಯೊಲಿನ್ ಒಂದೇ ಸ್ವರ ಹಿಡಿದು ನಿಂತಿದೆ, ಹೊರಗಿನಿಂದ ಹಲಗಿ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಮುಗಿದ ಮೇಲೆ ಸಿಸ್ಟರ್ ಆರ್ಗನ್ನಿನ ಮುಚ್ಚಳ ಹಾಕಿ ಸುಮ್ಮನೆ ಕೂತರು. ಅವರು ಬೈಯದಿದ್ದರೆ ಅದೇ ಶಹಬ್ಬಾಸ್. ಹಲಗಿಯವರು ಅಂದೇ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು. ಎರಡು ದಿನ ಬಿಟ್ಟು ಹೆಂಡರು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ದುಡಿಯಲು ಹೊರಡುವವರಿದ್ದರು.

ಅರ್ಜಿ ಕಳಿಸಲು ಒಂಬತ್ತು ದಿನ ಉಳಿದಿತ್ತು. ರಚನೆಯ ಮೊದಲ ಪುಟದಲ್ಲಿ ಯಾವ ವಾದ್ಯ ಎಲ್ಲಿ ಎಂದು ತೋರಿಸುವ ಒಂದು ಚಿತ್ರ ಹಾಕಬೇಕು. ಸ್ಕೇಲು ಪೆನ್ಸಿಲು ಹಿಡಿದು ಪಡಸಾಲೆಯಲ್ಲಿ ಅದನ್ನು ಬರೆಯುತ್ತ ಕೂತಿದ್ದೆ. ಮುತ್ಯಾ ಬಂದು ಎದುರಿಗೆ ಕೂತ. ಅವನಿಗೆ ಸ್ವರಲಿಪಿ ಬರುವುದಿಲ್ಲ, ಆದರೆ ನಕ್ಷೆ ಬರುತ್ತದೆ. ನಲವತ್ತು ವರ್ಷ ಕರಿಹಲಗೆಯ ಮೇಲೆ ಜಿಲ್ಲೆಯ ನಕ್ಷೆ ಬರೆದವನು. ಕನ್ನಡಕ ಏರಿಸಿಕೊಂಡು, ಗೆರೆ ನೆಟ್ಟಗೆ ಬಂದಿದೆ ಎಂದು ಮೆಚ್ಚಿ, ಒಂದೊಂದು ವೃತ್ತದ ಮೇಲೂ ಬೆರಳಿಟ್ಟು ಇದು ಯಾರು, ಇದು ಯಾರು ಎಂದು ಕೇಳಿದ. ಹೇಳಿದೆ. ಬೆರಳು ಬಾಗಿಲಿನ ಗೆರೆ ದಾಟಿ ಎರಡು ವೃತ್ತಗಳ ಹತ್ತಿರ ನಿಂತಿತು. ಇವು ಹಲಗಿ ಎಂದೆ. ಹೊರಗೆ ಯಾಕೆ ಎಂದ. ನಾನು ಉತ್ಸಾಹದಲ್ಲಿ ಎಲ್ಲ ವಿವರಿಸಿದೆ: ದೂರದ ದನಿ, ಕಹಳೆ, ದೊಡ್ಡ ದೊಡ್ಡವರು ಮಾಡಿದ್ದು. ಮುತ್ಯಾ ಮಾಸ್ತರನ ಹಾಗೆ ಪೂರ್ತಿ ಕೇಳಿದ.

"ನಮ್ಮಪ್ಪ ಜಲ್ಮಪೂರ್ತಿ ಬಾಗಿಲ ಹೊರಗ ನಿಂತೇ ಬಡದಾನ," ಎಂದ. "ನೀ ಇಷ್ಟು ಓದಿ ಬರದು, ಮತ್ತ ಅಲ್ಲೇ ನಿಲ್ಸೀದಿ."

ನನಗೆ ಮೈ ಉರಿಯಿತು. ತಪ್ಪು ಸಿಕ್ಕಿಬಿದ್ದಾಗ ಮನುಷ್ಯರಿಗೆ ನಾಚಿಕೆಗಿಂತ ಮೊದಲು ಸಿಟ್ಟು ಬರುತ್ತದೆ, ನನಗಂತೂ ಹಾಗೇ. ಇದರಲ್ಲಿ ಜಾತಿಗೀತಿ ತರಬೇಡ, ಇದು ಬರೀ ಸಪ್ಪಳದ ಲೆಕ್ಕ, ಹಲಗಿಯನ್ನು ಒಳಗೆ ತಂದರೆ ವಯೊಲಿನ್ ಕೇಳುವುದೇ ಇಲ್ಲ ಎಂದು ದನಿ ಏರಿಸಿದೆ.

"ಒಳಗಿನವರೂ ಹಂಗೇ ಅಂತಿದ್ರವಾ," ಎಂದ ಮುತ್ಯಾ. "ಸಪ್ಪಳ ಭಾಳ ಆಗ್ತದ, ಹೊರಗ ನಿಲ್ರಿ ಅಂತ."

ಇಷ್ಟು ಹೇಳಿ ಎದ್ದು ಹೋದ. ಬೈಯಲಿಲ್ಲ, ಕಳಿಸಬೇಡ ಎನ್ನಲಿಲ್ಲ. ಬೈದಿದ್ದರೆ ಜಗಳವಾಡಿ ಕಳಿಸಿಬಿಡುತ್ತಿದ್ದೆ. ನಾನು ಆ ಚಿತ್ರದ ಮುಂದೆ ಕೂತೇ ಇದ್ದೆ. ಹಲಗಿಯನ್ನು ಒಲೆಗೆ ಹಾಕಿದ ಮನೆಯಲ್ಲಿ ಹುಟ್ಟಿದವಳು ನಾನು. ಅದು ಎಲ್ಲಿ ನಿಲ್ಲುತ್ತಿತ್ತು, ಯಾಕೆ ನಿಲ್ಲುತ್ತಿತ್ತು ಎಂಬುದನ್ನು ನನ್ನಿಂದ ಎಷ್ಟು ಚೆನ್ನಾಗಿ ಮುಚ್ಚಿಟ್ಟು ಬೆಳೆಸಿದ್ದರೆಂದರೆ, ಬಾಗಿಲ ಹೊರಗಿನ ಜಾಗ ನನಗೆ ಕೇವಲ ಚಂದದ ಜಾಗವಾಗಿ ಕಂಡಿತ್ತು. ಬೇರೆ ಯಾರಾದರೂ ಆ ಚಿತ್ರ ಬರೆದಿದ್ದರೆ ನಾನೇ ಮೊದಲು ಎದ್ದು ಕೂಗಾಡುತ್ತಿದ್ದೆ.

ಮರುದಿನ ಬೀದರಿಗೆ ಹೋಗಿ ಸಿಸ್ಟರ್ ಮುಂದೆ ಎಲ್ಲ ಹೇಳಿದೆ. ಅವರು ತಾತನ ಮಾತು ತಾತನಿಗೆ ಸರಿ, ಆದರೆ ಇಂಥ ಧ್ವನಿಮುದ್ರಣ ಇನ್ನೊಮ್ಮೆ ಸಿಗುವುದಿಲ್ಲ, ಅದನ್ನೇ ಕಳಿಸು, ಸೀಟು ಸಿಕ್ಕ ಮೇಲೆ ತಿದ್ದಿಕೊಳ್ಳುವಂತೆ ಎಂದರು. ಕೈಗೆ ಬಂದ ತುತ್ತನ್ನು ಬಾಯಿಗೆ ಬರದ ಹಾಗೆ ಮಾಡಿಕೊಳ್ಳಬೇಡ ಎಂದೂ ಹೇಳಿದರು. ಅಲ್ಲಿಂದ ಸುಮ್ಮನೆ ಮನೆಗೆ ಬರಬಹುದಿತ್ತು. ಠಾಣಾ ಕುಶನೂರಿನ ಬಸ್ಸು ಹತ್ತಿದೆ. ಅಣ್ಣತಮ್ಮಂದಿರ ಮನೆಗೆ ಬೀಗ ಬಿದ್ದಿತ್ತು, ಅಕ್ಕಪಕ್ಕದ ಮೂರು ಮನೆಗಳಿಗೂ. ಕೊನೆಯ ಮನೆಯ ಮುದುಕಿ ಒಬ್ಬಳು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟ ಮೊಬೈಲ್ ನಂಬರು ತೋರಿಸಿದಳು. ಅಲ್ಲೇ ಕಟ್ಟೆಯ ಮೇಲೆ ಕೂತು ಫೋನು ಹಚ್ಚಿದೆ. ಅಣ್ಣನೇ ಎತ್ತಿದ. ಹಿಂದೆ ಕಾಂಕ್ರೀಟ್ ಮಷೀನಿನ ಗರಗರ.

ಎರಡು ದಿನದ ಮಟ್ಟಿಗೆ ಬರಲಾದೀತೇ ಎಂದು ಕೇಳಿದೆ. ಮೇಸ್ತ್ರಿ ಬಿಡುವುದಿಲ್ಲ, ಹಲಗಿಯನ್ನೂ ಮನೆಯಲ್ಲೇ ಮೊಳೆಗೆ ತೂಗುಹಾಕಿ ಬಂದಿದ್ದೇವೆ, ಇನ್ನೇನಿದ್ದರೂ ಬಿತ್ತನೆಗೆ ಬಂದಾಗ ಎಂದ. ಮತ್ತೆ ಕೇಳಬಾರದಿತ್ತೇನೋ, ಕೇಳಿಯೇ ಬಿಟ್ಟೆ: ಆವತ್ತು ನಿಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿದೆನಲ್ಲ, ಮನಸ್ಸಿಗೆ ಬೇಜಾರಾಯಿತೇ?

"ಇಲ್ರಿ ಮೇಡಂ, ಯಾಕ ಬೇಜಾರು," ಎಂದ. "ಅಲ್ಲಿ ನೆಳ್ಳಿತ್ತರಿ. ಮತ್ತ ನೀವು ಎಲ್ಲಿ ಹೇಳಿದ್ರಿ? ನೀವು ಹೇಳೂಕಿನ ಮೊದಲ ನಾವು ಅಲ್ಲೇ ನಿಂತಿದ್ವಿ."

ನೆನಪಿಸಿಕೊಂಡೆ. ನಿಜವಾಗಿಯೂ ನಾನು ಹೇಳಿರಲಿಲ್ಲ. ಪೇಪರು ಸುಟ್ಟು, ಹಲಗಿ ಕಾಯಿಸಿಕೊಂಡು ಬಂದವರು ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತರು. ಅವರು ನಿಂತ ಜಾಗ ನನ್ನ ಯೋಜನೆಗೆ ಸರಿಹೊಂದಿದ್ದರಿಂದ ಖುಷಿಯಾಗಿತ್ತು, ಅಷ್ಟೇ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅಳು ಬಂತು. ಪಕ್ಕದಲ್ಲಿ ಕೂತ ಹೆಂಗಸು ಯಾರೋ ತೀರಿಕೊಂಡಿರಬೇಕೆಂದು ತಿಳಿದು ನೀರಿನ ಬಾಟಲಿ ಕೊಟ್ಟಳು. ಬರದ ವರ್ಷದಲ್ಲಿ ಅದು ಸಣ್ಣ ಉಪಕಾರವಲ್ಲ.

ಇಷ್ಟೆಲ್ಲ ಆದ ಮೇಲೆ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ. ಹೊಸ ಹಾಳೆ ತೆಗೆದು ಹೊಸ ಚಿತ್ರ ಬರೆದೆ. ಹಲಗಿಯ ಎರಡು ವೃತ್ತಗಳು ನಟ್ಟನಡುವೆ, ಸುತ್ತ ಉಳಿದವರು. ಧ್ವನಿಮುದ್ರಣ ಮಾತ್ರ ಹಳೆಯದೇ. ಮುತ್ಯಾನ ಮಾತನ್ನೂ ಉಳಿಸಿದಂತಾಯಿತು, ಸಿಸ್ಟರ್ ಮಾತನ್ನೂ ಉಳಿಸಿದಂತಾಯಿತು ಎಂದು ನನ್ನ ಜಾಣತನಕ್ಕೆ ನಾನೇ ತಲೆದೂಗಿ, ಕೊನೆಯ ದಿನ ಕಳಿಸಿದೆ. ಮುತ್ಯಾನಿಗೆ ಹೊಸ ಚಿತ್ರ ತೋರಿಸಿದೆ. ಧ್ವನಿಮುದ್ರಣದ ವಿಷಯ ಹೇಳಲಿಲ್ಲ. ಅವನು ಚಿತ್ರದ ಮೇಲೆ ಎರಡು ಸಲ ಕೈಯಾಡಿಸಿದ. ಅದು ಅವನಿಗೆ ಎಷ್ಟು ಸಂತೋಷ ಕೊಟ್ಟಿತೆಂದರೆ ನಾನು ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋದೆ.

ಬೇಸಿಗೆಯಲ್ಲಿ ಉತ್ತರ ಬಂತು. ಇಲ್ಲ ಎಂದು. ಅಂಥ ಶಾಲೆಗಳು ಸಾಮಾನ್ಯವಾಗಿ ಕಾರಣ ಹೇಳುವುದಿಲ್ಲವಂತೆ. ಆದರೆ ಆಯ್ಕೆ ಸಮಿತಿಯ ಒಬ್ಬರು ಕೆಳಗೆ ಒಂದು ಸಾಲು ಸೇರಿಸಿದ್ದರು. ಚಿತ್ರದಲ್ಲಿ ಈ ವಾದ್ಯ ನಡುವೆ ಇದೆ, ಕೇಳುವಾಗ ಹೊರಗೆ ಇದೆ. ಇವೆರಡರಲ್ಲಿ ನಿಮ್ಮ ರಚನೆ ಯಾವುದು ಎಂದು.

ಮೂರನೆಯ ದಿನ ಮುತ್ಯಾನ ಮುಂದೆ ಕೂತು ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಹಳೆಯ ದನಿಗೆ ಹೊಸ ಚಿತ್ರ ಅಂಟಿಸಿದ್ದು, ಸಮಿತಿಯವರು ಅದನ್ನು ಕಂಡುಹಿಡಿದದ್ದು, ಸೀಟು ಹೋದದ್ದು. ಮುತ್ಯಾ ನಕ್ಕ. ಕೊಂಕು ನಗೆಯಲ್ಲ, ಗೊತ್ತಿದ್ದ ಲೆಕ್ಕ ಮತ್ತೆ ಅದೇ ಉತ್ತರಕ್ಕೆ ಬಂದಾಗ ಮಾಸ್ತರರು ನಗುವಂಥದ್ದು.

"ಕಾಗದದ ಮ್ಯಾಲ ನಾವು ಯಾವಾಗೋ ಒಳಗ ಬಂದೇವಿ," ಎಂದ. "ಕಿವಿಗೆ ಬರೂದು ಇನ್ನಾ ಬಾಕಿ ಅದ. ಮತ್ತ ಬರಿ."

ಮತ್ತೆ ಬರೆಯುವುದೆಂದರೆ ಇನ್ನೊಂದು ವರ್ಷ. ಮೃಗಶಿರ ಮಳೆ ಹೆಸರಿಗೆ ಮಾತ್ರ ಹನಿಯಿತು. ಆದರೂ ಬಿತ್ತುವವರು ಊರಿಗೆ ಬಂದರು, ಅವರ ಜೊತೆ ಹಲಗಿಯವರೂ ಬಂದರು. ಚರ್ಚಿನ ಹಾಲಿನಲ್ಲಿ ನಡುವೆ ಎರಡು ಕುರ್ಚಿ ಹಾಕಿಸಿದೆ. ಮುತ್ಯಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಭಾಲ್ಕಿಯಿಂದ ನನ್ನ ಜೊತೆ ಬಂದಿದ್ದ. ಕೇಳುವವರು ಕೂರುವ ಜಾಗದಲ್ಲಿ ಒಬ್ಬನೇ ಕೂತ. ಅಣ್ಣತಮ್ಮಂದಿರು ಕುರ್ಚಿಯ ತುದಿಯಲ್ಲಿ ಕೂತು ಬಡಿಯಲು ಹೋದರೆ ಕೈಯೇ ಓಡಲಿಲ್ಲ. ಹಲಗಿ ನಿಂತು ಬಡಿಯುವ ವಾದ್ಯ, ಹೆಜ್ಜೆ ಹಾಕಿದರೇ ತಾಳ ಬರುವುದು. ಕೂರಿಸಿದರೆ ಮರ್ಯಾದೆ ಎಂದು ನಾನು ತಿಳಿದಿದ್ದೆ, ಅವರಿಗೆ ಅದು ಕೈಕಟ್ಟಿದಂತಾಗಿತ್ತು. ಮುತ್ಯಾ ಕೂತಲ್ಲಿಂದಲೇ, ನಿಂತೇ ಬಡಿಯಿರಿ, ಆದರೆ ನಡುವೆ ನಿಲ್ಲಿರಿ ಎಂದ. ಕುರ್ಚಿ ಸರಿಸಿದೆವು.

ಸಪ್ಪಳ ಅಂದರೆ ಸಪ್ಪಳ. ಮೊದಲ ಬಡಿತಕ್ಕೇ ಕಿಟಕಿಯ ಗಾಜುಗಳು ಗಡಗಡ ಎಂದವು. ವಯೊಲಿನ್ನಿನ ಕಮಾನು ಆಡುವುದು ಕಾಣುತ್ತಿತ್ತು, ದನಿ ಮಾತ್ರ ಇಲ್ಲ. ಕ್ಲಾರಿನೆಟ್ ಮಾಸ್ತರರು ಮದುವೆ ಮೆರವಣಿಗೆಯಲ್ಲಿ ಊದಿದಂತೆ ಕೆನ್ನೆ ಉಬ್ಬಿಸಿ ಊದಿದರು. ಸಿಸ್ಟರ್ ಆರ್ಗನ್ ನುಡಿಸುವುದು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡರು. ಮೊದಲ ವರ್ಷ ನಮ್ಮೆಲ್ಲರನ್ನೂ ಬೆರಗುಗೊಳಿಸಿದ ಆ ಭಾಗ ಈಗ ಸಂತೆಯ ಗದ್ದಲ. ನಾನು ಮುತ್ಯಾನಿಗೆ ಸಿಟ್ಟಿನಲ್ಲಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನನ್ನ ರಚನೆ ಅಷ್ಟು ಹದವಾಗಿ ಕೇಳಿದ್ದೇ ಹಲಗಿ ಹೊರಗಿದ್ದುದರಿಂದ. ಅದನ್ನು ಒಳಗೆ ತಂದು ಉಳಿದದ್ದೆಲ್ಲ ಇದ್ದ ಹಾಗೇ ಇರಲಿ ಎಂದರೆ ಆಗುವುದಿಲ್ಲ. ಒಳಗಿನವರೆಲ್ಲ ಸರಿದು ಕೂರಬೇಕು.

ಆ ಮಳೆಗಾಲವೆಲ್ಲ ಅದನ್ನೇ ಬರೆದೆ. ಕಡ್ಡಿ ಬಿಟ್ಟು ಬೆರಳಿನಿಂದ ಬಡಿದರೆ ಹಲಗಿ ಪಿಸುಗುಟ್ಟುತ್ತದೆ ಎಂದು ಹಲಗಿಯವರಲ್ಲಿ ತಮ್ಮನಾದವನು ತೋರಿಸಿಕೊಟ್ಟ. ಅದರ ಮೇಲೆ ಒಂದು ಭಾಗವನ್ನೇ ಕಟ್ಟಿದೆ. ವಯೊಲಿನ್ನಿಗೆ ಬರೆದಿದ್ದ ನವಿರಾದ ಸಾಲುಗಳನ್ನು ಹೊಟ್ಟೆ ಉರಿಯುತ್ತಿದ್ದರೂ ಹೊಡೆದುಹಾಕಿದೆ. ಕೆಲವು ಕಡೆ ವಯೊಲಿನ್ ಸುಮ್ಮನೆ ಕಾಯಬೇಕು, ಕೆಲವು ಕಡೆ ಒರಟಾಗಿ, ಗೀರಿದಂತೆ ನುಡಿಸಬೇಕು. ವಯೊಲಿನ್ನಿನಾಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೂರು ಸಲ ಬರೆದು ಮೂರು ಸಲ ನುಡಿಸಿದ ಮೇಲೆ ಒಂದು ಧ್ವನಿಮುದ್ರಣವಾಯಿತು. ಒಳ್ಳೆಯದಾಗಿತ್ತು. ಮೊದಲಿನದರಷ್ಟು ಚಂದವಿರಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಬಿತ್ತಿದ್ದು ಮತ್ತೆ ಒಣಗಿ, ಅಣ್ಣತಮ್ಮಂದಿರು ದಸರೆಗೆ ಮೊದಲೇ ಮತ್ತೆ ಬಸ್ಸು ಹತ್ತಿದರು.

ಈ ಸಲ ಚಿತ್ರವೂ ದನಿಯೂ ಒಂದೇ ಆಗಿದ್ದವು. ಸಂದರ್ಶನಕ್ಕೆ ಕರೆ ಬಂತು. ಸಂಜೆಯ ಹೊತ್ತು, ಭಾಲ್ಕಿಯ ನಮ್ಮ ಪಡಸಾಲೆ, ಮೇಜಿನ ಮೇಲೆ ಕಂಪ್ಯೂಟರ್. ಕರೆಂಟು ಹೋಗದಿರಲಿ ಎಂದು ಅವ್ವ ಬಾಗಿಲಲ್ಲೇ ನಿಂತಿದ್ದಳು. ಮುತ್ಯಾ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಪರದೆಯ ಮೇಲೆ ಮೂವರು. ಇವರು ಯಾರು ಎಂದು ಕೇಳಿದರು, ನಮ್ಮ ತಾತ ಎಂದೆ, ನಮಸ್ಕಾರ ಮಾಡಿದರು. ಹದಿನೈದು ನಿಮಿಷ ಎಲ್ಲ ಸಲೀಸಾಗಿ ನಡೆಯಿತು. ಆಮೇಲೆ ನರೆತ ಕೂದಲಿನ ಒಬ್ಬರು ಮುಂದಕ್ಕೆ ಬಾಗಿದರು. ಕಳೆದ ವರ್ಷ ಆ ಒಂದು ಸಾಲು ಬರೆದವನು ನಾನೇ ಎಂದರು. ನಿಮ್ಮ ಹಳೆಯ ಧ್ವನಿಮುದ್ರಣ ನನಗೆ ಚೆನ್ನಾಗಿ ನೆನಪಿದೆ, ನಿಜ ಹೇಳಬೇಕೆಂದರೆ ಅದು ಇದಕ್ಕಿಂತ ಸುಂದರವಾಗಿತ್ತು, ಆ ವಾದ್ಯವನ್ನು ಮತ್ತೆ ಹೊರಗೆ ಇಡುವ ವಿಚಾರ ಮಾಡುತ್ತೀರಾ ಎಂದು ಕೇಳಿದರು.

ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಕಿವಿಯಿದ್ದ ಮನುಷ್ಯ ಕೇಳುವ ಪ್ರಶ್ನೆಯೇ ಅದು. ಹೌದು, ವಿಚಾರ ಮಾಡುತ್ತೇನೆ ಎಂದರೆ ಅವರು ತಲೆಯಾಡಿಸುತ್ತಿದ್ದರು, ನನ್ನ ಸೀಟು ಗಟ್ಟಿಯಾಗುತ್ತಿತ್ತು, ಇಂಗ್ಲಿಷ್ ಬಾರದ ಮುತ್ಯಾನಿಗೆ ತಿಳಿಯುತ್ತಲೂ ಇರಲಿಲ್ಲ. ಇದೆಲ್ಲ ಆ ಒಂದು ಗಳಿಗೆಯಲ್ಲೇ ಹೊಳೆಯಿತು.

ಅದು ಸುಂದರವಾಗಿತ್ತು, ಒಪ್ಪುತ್ತೇನೆ ಎಂದೆ. ಆದರೆ ಇದನ್ನು ಬಡಿಯುತ್ತಿದ್ದ ನಮ್ಮ ಮನೆಯ ಹಿರಿಯರು ಬಹಳ ವರ್ಷ ಬಾಗಿಲ ಹೊರಗೆ ನಿಂತಿದ್ದರು, ನಾನು ಅವರನ್ನು ಮತ್ತೆ ಅಲ್ಲಿಗೆ ಕಳಿಸಲಾರೆ ಎಂದೆ. ಒಳಗಿದ್ದೂ ಅಷ್ಟೇ ಸುಂದರವಾಗಿ ಕೇಳುವಂತೆ ಬರೆಯಲು ನನಗೆ ಇನ್ನೂ ಬರುವುದಿಲ್ಲ, ಅದನ್ನು ಕಲಿಯಲಿಕ್ಕೇ ನಿಮ್ಮಲ್ಲಿ ಅರ್ಜಿ ಹಾಕಿದ್ದೇನೆ ಎಂದೆ. ಮೂವರೂ ಏನನ್ನೋ ಬರೆದುಕೊಂಡರು. ಯಾರೂ ನಗಲಿಲ್ಲ. ವಂದಿಸಿದರು, ಪರದೆ ಕಪ್ಪಾಯಿತು.

ಏನು ಕೇಳಿದರು ಎಂದ ಮುತ್ಯಾ. ಹಲಗಿಯನ್ನು ಹೊರಗಿಟ್ಟರೆ ಚಂದ ಅಂತಾರೆ ಎಂದೆ. ನೀನೇನಂದೆ ಎಂದ. ಆಗುವುದಿಲ್ಲ ಎಂದೆ ಎಂದು ಹೇಳಿದೆ. ಮುತ್ಯಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಸೀಟು ಹೋದ್ರ?"

"ಹೋದ್ರ ಹೋಗ್ಲಿ ಮುತ್ಯಾ."

"ಹಂಗ ಅನಬ್ಯಾಡ," ಎಂದ. "ನನ್ನ ಸಲುವಾಗಿ ನೀನೂ ಹೊರಗ ಉಳೀಬಾರದು."

ನನಗೆ ಆಗ ತಿಳಿಯಿತು. ಒಂದೂವರೆ ವರ್ಷದಿಂದ ನಾನೊಬ್ಬಳೇ ಹೆದರಿಕೊಂಡಿದ್ದೇನೆ ಎಂದುಕೊಂಡಿದ್ದೆ. ಆ ಒಂದು ಮಾತು ಆಡಿ ಮೊಮ್ಮಗಳ ದಾರಿ ಕೆಡಿಸಿದೆನೇನೋ ಎಂದು ಅವನೂ ದಿನಾ ಹೆದರಿದ್ದ.

ಸೀಟು ಸಿಕ್ಕಿತು. ಮೇಲ್ ಬಂದದ್ದು ಟ್ಯಾಂಕರ್ ಬಂದ ಹೊತ್ತಿಗೇ, ಹಾಗಾಗಿ ಅವ್ವ ಮೊದಲು ಕೊಡ ತುಂಬಿಸಿಟ್ಟು ಆಮೇಲೆ ಅತ್ತಳು. ಹೊರಡುವ ದಿನ ಮುತ್ಯಾ ಬೇರೆ ಬುದ್ಧಿಮಾತು ಹೇಳಲಿಲ್ಲ. ಅಲ್ಲಿ ನಿನ್ನನ್ನು ಎಲ್ಲಿ ಕೂರಿಸುತ್ತಾರೋ ಫೋನು ಮಾಡಿ ಹೇಳು ಎಂದ, ಅಷ್ಟೇ.

ಮೊದಲ ದಿನದ ತರಗತಿ ಮುಗಿಸಿ ಫೋನು ಮಾಡಿದೆ. ಹವೆ ಹೇಗಿದೆ, ಏನು ತಿಂದೆ ಎಂದು ಕೇಳುವ ಮೊದಲೇ ಅವನು ಅದನ್ನು ಕೇಳಿದ. "ಮುಂದಿನ ಸಾಲಿನ್ಯಾಗ ಮುತ್ಯಾ, ನಟ್ಟನಡುವ," ಎಂದೆ. ಮುತ್ಯಾ ಹೂಂ ಎಂದ. ಅವ್ವನಿಗೆ ಕೂಗಿ ಹೇಳಿದ್ದೂ ಕೇಳಿಸಿತು.

ಸುಳ್ಳು. ಹತ್ತೊಂಬತ್ತು ಕುರ್ಚಿಗಳು ಖಾಲಿ ಇದ್ದವು, ಯಾರೂ ನನಗೆ ಎಲ್ಲಿ ಕೂರಬೇಕೆಂದು ಹೇಳಿರಲಿಲ್ಲ, ನಾನಾಗಿಯೇ ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಮರುದಿನ ಅರ್ಧ ತಾಸು ಮೊದಲೇ ಹೋಗಿ, ಇನ್ನೂ ಯಾರೂ ಬಾರದಿರುವಾಗಲೇ, ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕುಳಿತೆ.